ರೀಸೆಟ್ ಗುಂಡಿಯ ರೂಢಿ

ಎಫ್.ಎಂ. ಟ್ರಾನ್ಸ್‌ಮಿಟರ್‌ನಲ್ಲಿ ರಿಫ್ಲೆಕ್ಟೆಡ್ ಪವರ್ ಅಲಾರಂ ಹೊಡೆದರೆ ಪಾಳಿಯಲ್ಲಿದ್ದವರ ಕೈ ಮೊದಲು ಹೋಗುವುದು ರೀಸೆಟ್ ಗುಂಡಿಗೆ. ಮತ್ತೆ ಹೊಡೆದರೆ ಮತ್ತೆ ರೀಸೆಟ್. ಆಮೇಲೆ ಪವರ್ ಇಳಿಸುವುದು, ಅದೂ ಸಾಲದಿದ್ದರೆ ಅಲಾರಂನ ಮಿತಿಯನ್ನೇ ಏರಿಸುವುದು. ಪ್ರಸಾರ ನಿಲ್ಲಬಾರದೆಂಬ ಕಾಳಜಿಯಿಂದ ಹುಟ್ಟಿದ ಈ ರೂಢಿ ಪ್ರಸಾರಕ್ಕೇ ಮುಳುವು.

ಟ್ರಾನ್ಸ್‌ಮಿಟರ್, ಫೀಡರ್ ಕೇಬಲ್, ಆಂಟೆನಾ ಮೂರೂ 50 ಓಮ್‌ಗೆ ಹೊಂದಿಕೊಂಡಿದ್ದರೆ ಹಿಂದಿರುಗುವ ಶಕ್ತಿ ತೀರಾ ಕಡಿಮೆ. ವಿ.ಎಸ್.ಡಬ್ಲ್ಯು.ಆರ್. 1.5ಕ್ಕೆ ಏರಿದರೆ ನೂರಕ್ಕೆ 4 ಭಾಗ ವಾಪಸು ಬರುತ್ತದೆ, 2ಕ್ಕೆ ಏರಿದರೆ ಸುಮಾರು 11 ಭಾಗ. 10 ಕಿಲೋವಾಟ್ ಕೇಂದ್ರದಲ್ಲಿ ಇದು 400 ವಾಟ್‌ನಿಂದ 1,100 ವಾಟ್‌ಗೆ ಜಿಗಿದಂತೆ. ಕನೆಕ್ಟರ್‌ನೊಳಗೆ ಕಿಡಿ ಹಾರುತ್ತಿದ್ದರೆ ಪ್ರತಿ ರೀಸೆಟ್ಟೂ ಆ ಕಿಡಿಗೆ ಹೊಸದಾಗಿ ಶಕ್ತಿ ಉಣಿಸುತ್ತದೆ. ಒಂದು ಕನೆಕ್ಟರ್ ಬದಲಿಸಿ ಮುಗಿಸಬಹುದಾಗಿದ್ದ ದುರಸ್ತಿ, ಒಳಗೆಲ್ಲ ಮಸಿ ಹರಡಿ, ಫೀಡರನ್ನೇ ಬದಲಿಸುವಷ್ಟಕ್ಕೆ ಬೆಳೆಯುತ್ತದೆ.

ಇನ್ನು ಕೆಲವರು ಪವರ್ ಆಂಪ್ಲಿಫೈಯರ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಬದಲಿಸತೊಡಗುತ್ತಾರೆ. ದೋಷ ಗೋಪುರದ ಮೇಲಿದ್ದರೆ ಇದು ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕುವ ಕೆಲಸ. ಆಂಟೆನಾದ ಬದಲು ಡಮ್ಮಿ ಲೋಡ್‌ಗೆ ಪವರ್ ಕೊಟ್ಟು ನೋಡಿ. ಅಲ್ಲೂ ಅಲಾರಂ ಬಂದರೆ ಟ್ರಾನ್ಸ್‌ಮಿಟರನ್ನೋ ಅದರ ಅಳತೆಯ ಕಪ್ಲರನ್ನೋ ಶಂಕಿಸಬೇಕು. ಬರದಿದ್ದರೆ ಹೊರಗೆ ಹುಡುಕಬೇಕು. ಇಷ್ಟು ಸರಳವಾದ ಪರೀಕ್ಷೆ ಸಾಲಿನಲ್ಲಿ ಕೊನೆಗೆ ಬರುವುದನ್ನು ನಾನು ಒಪ್ಪಲಾರೆ.

ಮೀಟರ್ ತೋರಿಸಿದ್ದನ್ನೆಲ್ಲ ನಂಬುವಂತೆಯೂ ಇಲ್ಲ. ಹಲವು ಕೇಂದ್ರಗಳು ಒಂದೇ ಗೋಪುರ ಹಂಚಿಕೊಂಡಿರುವ ಕಡೆ ನೆರೆಯ ಕೇಂದ್ರದ ಶಕ್ತಿ ನಮ್ಮ ಆಂಟೆನಾದೊಳಗೆ ಇಳಿದು, ನಮ್ಮದೇ ವಾಪಸು ಶಕ್ತಿಯೆಂಬಂತೆ ಮೀಟರ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಟ್ರಾನ್ಸ್‌ಮಿಟರ್ ಆರಿಸಿದ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಅದೇ ಗುರುತು. ಇದಕ್ಕೆ ತದ್ವಿರುದ್ಧದ ಅಪಾಯವೂ ಇದೆ. ಉದ್ದದ ಕೇಬಲ್ ಹೋಗುವಾಗ 1 ಡಿ.ಬಿ., ಬರುವಾಗ 1 ಡಿ.ಬಿ. ನುಂಗಿದರೆ, ಮೇಲಿನ ಆಂಟೆನಾ ಇರುವುದಕ್ಕಿಂತ ಚೆನ್ನಾಗಿದೆಯೆಂದು ಕೆಳಗಿನ ಮೀಟರ್ ಹೇಳುತ್ತದೆ. ಅಂಥ ಕಡೆ ಅಲಾರಂ ಹೊಡೆಯುವ ಹೊತ್ತಿಗೆ ಮೇಲೆ ಕೆಟ್ಟಿರುವುದು ಮೀಟರ್ ತೋರಿಸುವುದಕ್ಕಿಂತ ಹೆಚ್ಚು. ಮಿತಿ ಏರಿಸುವವರು ಇದನ್ನು ಮರೆತಿರುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಮಲೆನಾಡಿನ ಮಳೆಗಾಲದ ಅಲಾರಂ. ಮಳೆ ಸುರಿಯುವಾಗ ಬರುತ್ತದೆ, ಬಿಸಿಲು ಬಂದರೆ ಮಾಯ. ಎಂಜಿನಿಯರ್ ಬಂದು ನೋಡುವಾಗ ಎಲ್ಲವೂ ಸರಿಯಿರುತ್ತದೆ. ಗಾಳಿ ತುಂಬಿದ ಫೀಡರ್‌ಗೆ ಡಿಹೈಡ್ರೇಟರ್ ಒಣಗಾಳಿಯನ್ನು ಒತ್ತಡದಲ್ಲಿ ಒದಗಿಸುತ್ತಿರಬೇಕು. ಸೀಲ್ ಸೋರಿ ಆ ಒತ್ತಡ ಬಿದ್ದರೆ ತೇವ ಒಳಗೆ ಸೇರುತ್ತದೆ. ಒತ್ತಡದ ಗೇಜ್ ಎಷ್ಟೋ ದಿನ ಮೊದಲೇ ಇದನ್ನು ತೋರಿಸಿರುತ್ತದೆ, ಓದುವವರಿರಬೇಕಷ್ಟೆ. ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದ ಹಳೆಯ ಪದ್ಧತಿಯನ್ನು ನಾನು ಮೆಚ್ಚುವುದು ಇದಕ್ಕೇ. ರಿಫ್ಲೆಕ್ಟೆಡ್ ಪವರ್ 20 ವಾಟ್‌ನಿಂದ 35ಕ್ಕೆ, 35ರಿಂದ 60ಕ್ಕೆ ತೆವಳಿದ್ದು ಆ ಪುಟಗಳಲ್ಲಿ ಕಣ್ಣಿಗೆ ಬೀಳುತ್ತಿತ್ತು. ಇಂದು ದೂರದಿಂದಲೇ ನಿಗಾ ಇಡುವ ವ್ಯವಸ್ಥೆಯೂ ಇದನ್ನೆಲ್ಲ ದಾಖಲಿಸಬಲ್ಲದು. ಆದರೆ ಅಲಾರಂ ಹೊಡೆಯುವ ತನಕ ಅದನ್ನು ತೆರೆದು ನೋಡುವವರು ಕಡಿಮೆ.

ಕೇಂದ್ರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಅಲಾರಂ ಮಿತಿ ಬದಲಿಸುವ ಪಾಸ್‌ವರ್ಡ್ ಪಾಳಿಯವರ ಬಳಿ ಇರುವುದು ಬೇಡ. ಎರಡನೇ ಬಾರಿ ರೀಸೆಟ್ ಒತ್ತುವ ಮುನ್ನ ಡಮ್ಮಿ ಲೋಡ್ ಪರೀಕ್ಷೆ ಕಡ್ಡಾಯವಾಗಲಿ. ಅದಕ್ಕಾಗಿ ಪ್ರಸಾರ ಸ್ವಲ್ಪ ಹೊತ್ತು ನಿಂತರೆ ಪಾಳಿಯವರನ್ನು ದೂರಬೇಡಿ.