ಕುಂಡದೊಳಗಿನ ಜವಳು

ಸಾಂಗ್ಲಿಯ ವಿಶ್ರಾಮಬಾಗದ ಫ್ಲ್ಯಾಟುಗಳಿಂದ ಹಿಡಿದು ಮಿರಜದ ಆಸ್ಪತ್ರೆಗಳ ಕಾಯುವ ಕೋಣೆಗಳವರೆಗೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್, ಜೀಜೀ ಪ್ಲಾಂಟ್ ಈಗ ಎಲ್ಲೆಲ್ಲೂ ಇವೆ. ಗಿಡಗಳ ಬೆನ್ನಿಗೇ ಅವುಗಳ ಮನೆವೈದ್ಯವೂ ಬಂದಿದೆ. ಎಲೆ ಹಳದಿಯಾದರೆ ಗೊಬ್ಬರ, ಬಾಡಿದರೆ ನೀರು, ಚುಕ್ಕೆ ಬಿದ್ದರೆ ಔಷಧ. ಏನೆಂದು ತಿಳಿಯದಿದ್ದರೆ, ಸಾಂಗ್ಲಿ ಅರಿಶಿನದ ಊರಲ್ಲವೇ, ಒಂದು ಚಿಟಿಕೆ ಅರಿಶಿನ. ಈ ಸಲಹೆಗಳನ್ನು ಒಂದೊಂದಾಗಿ ನೋಡಿದರೆ ಕೆಲವು ಸರಿ, ಕೆಲವು ತಪ್ಪು ಅನ್ನಿಸಬಹುದು. ಒಟ್ಟಿಗೆ ನೋಡಿದಾಗ ಅವುಗಳ ಸ್ವಭಾವ ಬಯಲಾಗುತ್ತದೆ. ಎಲ್ಲವೂ ಕುಂಡಕ್ಕೆ ಏನನ್ನಾದರೂ ಹಾಕುವ ಚಿಕಿತ್ಸೆಗಳೇ. ತೆಗೆಯುವುದು, ತಡೆಯುವುದು, ಸುಮ್ಮನಿರುವುದು ಇಲ್ಲಿ ಚಿಕಿತ್ಸೆಯ ಲೆಕ್ಕಕ್ಕೇ ಬರುವುದಿಲ್ಲ. ಮನೆಯೊಳಗಿನ ಗಿಡಗಳು ಸಾಯುವುದು ಬಹುಮಟ್ಟಿಗೆ ಈ ಹಾಕುವ ಚಟದಿಂದ. ಈ ಚಟ ಸುತ್ತಲಿನ ದ್ರಾಕ್ಷಿ, ಕಬ್ಬಿನ ಹೊಲಗಳಿಂದ ಬಂದದ್ದು. ಆದರೆ ಹೊಲ ಕಲಿತ ದೊಡ್ಡ ಪಾಠ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.

ಹೊಲದ ಲೆಕ್ಕ ಹೊಲದಲ್ಲಿ ಸರಿಯೇ. ತಾಸಗಾಂವದ ದ್ರಾಕ್ಷಿ ಬೆಳೆಗಾರ ಅಕ್ಟೋಬರಿನ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಸಿದ ಮೇಲೆ ಡ್ರಿಪ್ಪಿನಲ್ಲಿ ಗೊಬ್ಬರ ಬಿಡುತ್ತಾನೆ, ದವಣಿ, ಬೂದಿ ರೋಗಗಳಿಗೆ ಔಷಧ ಹೊಡೆಯುತ್ತಾನೆ. ಬಳ್ಳಿ ಅದನ್ನೆಲ್ಲ ಅರಗಿಸಿಕೊಳ್ಳುತ್ತದೆ. ಅದರ ತಲೆಯ ಮೇಲೆ ಬಯಲಿನ ಬಿಸಿಲಿದೆ, ಕಾಲಡಿ ಬೇರು ಇಳಿಯುವಷ್ಟು ನೆಲವಿದೆ. ಅದೇ 19:19:19 ಗೊಬ್ಬರದ ಪೊಟ್ಟಣ ಕೃಷಿ ಸೇವಾ ಕೇಂದ್ರದಿಂದ ದಿವಾನಖಾನೆಯ ಮೂಲೆಗೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ನಡುಹಗಲಿನ ಬಯಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಕಿಟಕಿಯಿಂದ ಏಳೆಂಟು ಅಡಿ ಒಳಗೆ, ಸೋಫಾದ ಪಕ್ಕದಲ್ಲಿ, ಕೆಲವು ನೂರು ಲಕ್ಸ್ ಇದ್ದರೆ ಅದೇ ಹೆಚ್ಚು. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಒಗ್ಗಿಕೊಳ್ಳುವುದರಿಂದ ಈ ಅಗಾಧ ಅಂತರ ನಮಗೆ ಕಾಣುವುದಿಲ್ಲ, ಎಲೆಗೆ ಕಾಣುತ್ತದೆ. ಗಿಡ ತನ್ನ ಆಹಾರವನ್ನು ಬೆಳಕಿನಿಂದ ತಯಾರಿಸಿಕೊಳ್ಳುತ್ತದೆ. ಗೊಬ್ಬರ ಆ ಅಡುಗೆಯ ಉಪ್ಪಿದ್ದಂತೆ. ಬೆಳಕು ಕಡಿಮೆಯಾದಷ್ಟೂ ಬೆಳವಣಿಗೆ ಕಡಿಮೆ, ಗಿಡ ಕುಡಿಯುವ ನೀರೂ ಕಡಿಮೆ. ಹಾಗಾಗಿ ಮೂಲೆಯಲ್ಲಿ ಸೊರಗಿದ ಗಿಡಕ್ಕೆ ಮೊದಲು ಬೇಕಾದದ್ದು ಗೊಬ್ಬರವಲ್ಲ, ಕಿಟಕಿಯ ಹತ್ತಿರದ ಜಾಗ. ಅದಕ್ಕೆ ಕಾಸಿನ ಖರ್ಚಿಲ್ಲ.

ನೀರಿನ ವಿಷಯದಲ್ಲಿ ಈ ಮನೆವೈದ್ಯ ಎಡವುವುದಕ್ಕೆ ನಿಜವಾದ ಕಾರಣವೂ ಇದೆ. ಬಾಯಾರಿದ ಗಿಡವೂ ಬಾಡುತ್ತದೆ, ಬೇರು ಕೊಳೆತ ಗಿಡವೂ ಬಾಡುತ್ತದೆ. ಎಲೆಯನ್ನಷ್ಟೇ ನೋಡುವವನಿಗೆ ಎರಡೂ ಒಂದೇ. ಬೇರಿಗೂ ಉಸಿರಾಟವಿದೆ, ಅದಕ್ಕೆ ಮಣ್ಣಿನ ಸಂದುಗಳಲ್ಲಿರುವ ಗಾಳಿ ಬೇಕು. ಸಂದುಗಳಲ್ಲಿ ನೀರು ತುಂಬಿದರೆ ಆಮ್ಲಜನಕದ ಹರಿವು ಬಹುತೇಕ ನಿಲ್ಲುತ್ತದೆ, ಏಕೆಂದರೆ ನೀರಿನಲ್ಲಿ ಅದು ಗಾಳಿಗಿಂತ ಸುಮಾರು 10 ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರಿಗೆ ಪಿಥಿಯಂನಂಥ ಕೊಳೆರೋಗ ಹತ್ತುತ್ತದೆ, ಬೇರು ನೀರೆಳೆಯುವುದನ್ನು ನಿಲ್ಲಿಸುತ್ತದೆ. ಆಗ ಸುತ್ತ ನೀರಿದ್ದೂ ಗಿಡ ಬಾಯಾರಿ ಬಾಡುತ್ತದೆ. ಅದನ್ನು ಕಂಡು ಮತ್ತೊಂದು ಚೊಂಬು ನೀರು ಸುರಿದರೆ ಅದರ ಕತೆ ಮುಗಿದಂತೆ. ಈ ಗೊಂದಲ ಎಲೆ ನೋಡಿದರೆ ಬಗೆಹರಿಯುವುದಿಲ್ಲ, ಬೇರು ನೋಡಿದರೆ ಅರೆ ನಿಮಿಷದಲ್ಲಿ ಬಗೆಹರಿಯುತ್ತದೆ. ಕುಂಡವನ್ನು ಓರೆ ಮಾಡಿ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಹೊರಗೆ ಜಾರಿಸಬೇಕು. ಆರೋಗ್ಯದ ಬೇರು ಬಿಳಿ ಅಥವಾ ತಿಳಿಗಂದು, ಬೆರಳಿಗೆ ಬಿರುಸು. ಕೊಳೆತ ಬೇರು ಕಪ್ಪುಗಂದು, ಮೆತ್ತಗೆ. ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂದು ನಡುವೆ ದಾರದಂಥ ಎಳೆಯೊಂದು ಉಳಿಯುತ್ತದೆ, ಚರಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಅಂಥ ಬೇರನ್ನು ಕತ್ತರಿಸಿ, ಹಗುರ ಮಣ್ಣಿಗೆ ಗಿಡ ಬದಲಾಯಿಸಿ, ನೀರಿನ ಕೈ ಬಿಗಿಹಿಡಿಯುವುದೇ ಮದ್ದು. ಅರಿಶಿನ ಉದುರಿಸಿದರೆ ಕೊಳೆತ ಬೇರು ಮರಳಿ ಜೀವ ಪಡೆಯುವುದಿಲ್ಲ.

ಕುಂಡದ ಈ ರೋಗ ಈ ಸೀಮೆಗೆ ಹೊಸದೇನಲ್ಲ. ಕೃಷ್ಣೆಯ ದಂಡೆಯ ವಾಳವಾ, ಮಿರಜ ತಾಲ್ಲೂಕುಗಳಲ್ಲಿ, ಪಕ್ಕದ ಶಿರೋಳದಲ್ಲಿ, ಗಡಿ ದಾಟಿದರೆ ಅಥಣಿ, ರಾಯಬಾಗಗಳಲ್ಲಿ ಎಷ್ಟೋ ಎರೆಹೊಲಗಳು ಕಬ್ಬಿಗೆ ಹಾಯಿಸಿದ ಅತಿ ನೀರಿನಿಂದ ಜವಳಾಗಿವೆ, ಸವಳಾಗಿವೆ. ನೀರು ಬಸಿಯದೆ ನಿಲ್ಲುತ್ತದೆ, ಆರುವಾಗ ಉಪ್ಪನ್ನು ಮೇಲಕ್ಕೆ ತಂದು ಬಿಳಿಯ ಪದರ ಕಟ್ಟುತ್ತದೆ. ಬೋರಿನ ಗಡಸು ನೀರು ಹಾಕಿದ ಕುಂಡದ ಅಂಚಿನಲ್ಲೂ ಅದೇ ಬಿಳಿ ಪದರ ಕಾಣುತ್ತದೆ. ಅರೆಕಾದ ಎಲೆತುದಿ ಸುಟ್ಟಂತೆ ಕಂದಾಗುವುದಕ್ಕೆ ಬೇಸಿಗೆಯ ಒಣಗಾಳಿಯ ಜೊತೆ ಆ ಉಪ್ಪೂ ಕಾರಣ. ಅದರ ಮೇಲೆ ಗೊಬ್ಬರ ಸುರಿಯುವುದೆಂದರೆ ಉಪ್ಪಿನ ಮೇಲೆ ಉಪ್ಪು. ಹೊಲದವರು ಇದಕ್ಕೆ ಕಂಡುಕೊಂಡ ಉತ್ತರಗಳೆಲ್ಲ ನೆಲದ ಕೆಳಗಿನವು. ನೆಲದಡಿ ತೂತಿನ ಪೈಪು ಹೂತು ನೀರು ಬಸಿದರು, ಕಾಲುವೆ ಹಾಯಿಸುವುದನ್ನು ಬಿಟ್ಟು ಡ್ರಿಪ್ಪಿಗೆ ಬಂದರು. ದ್ರಾಕ್ಷಿಯವರಂತೂ ಉಪ್ಪುನೆಲ ತಾಳಿಕೊಳ್ಳುವ ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಕಟ್ಟಿ ಬಳ್ಳಿಯ ಬೇರನ್ನೇ ಬದಲಿಸಿದರು. ಮನೆಯ ಗಿಡವೈದ್ಯ ಹೊಲದಿಂದ ಗೊಬ್ಬರದ ಪೊಟ್ಟಣವನ್ನು, ಔಷಧ ಹೊಡೆಯುವ ಪಂಪನ್ನು ತಂದಿತು. ಈ ಬಸಿಗಾಲುವೆಯ ವಿವೇಕವನ್ನು ಅಲ್ಲೇ ಬಿಟ್ಟುಬಂತು. ಎರೆಮಣ್ಣನ್ನೇ ಕುಂಡಕ್ಕೆ ತುಂಬುವ ರೂಢಿ ಇದಕ್ಕೆ ಸಾಕ್ಷಿ. ಒದ್ದೆಯಾದಾಗ ಉಬ್ಬಿ ಗಾಳಿಯ ಸಂದು ಮುಚ್ಚುವ, ಒಣಗಿದಾಗ ಬಿರಿದು ಎಳೆಬೇರು ಹರಿಯುವ ಆ ಜಿಗುಟು ಮಣ್ಣು ಚಿಕ್ಕ ಕುಂಡಕ್ಕೆ ಹೊಂದುವಂಥದ್ದಲ್ಲ. ಅದನ್ನು ಸರಿಪಡಿಸಲೆಂದು ತಳದಲ್ಲಿ ಕಲ್ಲು, ಹಂಚಿನ ಚೂರು ಹಾಸುವುದೂ ಉಪಯೋಗಕ್ಕೆ ಬಾರದು. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಕಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಆದ್ದರಿಂದ ಒದ್ದೆಯ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಕೆಂಪು ಮಣ್ಣು, ಕೊಕೊಪೀಟ್, ದಪ್ಪ ಮರಳು ಸಮಪಾಲು ಬೆರೆಸಿ, ತಳದ ತೂತು ತೆರೆದಿಟ್ಟರೆ ಬಸಿಯುವ ಕೆಲಸ ತಾನಾಗಿಯೇ ಆಗುತ್ತದೆ.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ಅಜ್ಜಿಯರು ಎರೆಮಣ್ಣಿನಲ್ಲೇ ತುಳಸಿ ಬೆಳೆಸಲಿಲ್ಲವೇ, ದಿನಾ ನೀರು ಹಾಕಲಿಲ್ಲವೇ ಎಂದು ಕೇಳಬಹುದು. ಬೆಳೆಸಿದರು, ಚೆನ್ನಾಗಿಯೇ ಬೆಳೆಸಿದರು. ಆದರೆ ತುಳಸಿಕಟ್ಟೆ ಇದ್ದದ್ದು ಅಂಗಳದ ಬಿಸಿಲಿನಲ್ಲಿ. ಬೆಳಿಗ್ಗೆ ಹಾಕಿದ ತಂಬಿಗೆ ನೀರು ಅಲ್ಲಿ ಬೇಗ ಆರುತ್ತಿತ್ತು. ಅದೇ ತಂಬಿಗೆ ಪ್ಲಾಸ್ಟಿಕ್ ಕುಂಡದಲ್ಲಿ, ಪರದೆ ಎಳೆದ ಕೋಣೆಯಲ್ಲಿ ವಾರಗಟ್ಟಲೆ ಆರದು. ಎಲೆ ಹಳದಿಯಾಗುವುದು ನಿಜವಾಗಿಯೂ ಪೋಷಕಾಂಶದ ಕೊರತೆಯಿಂದ ಇರಬಾರದೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಇರಬಹುದು. ಹೊಸ ಎಲೆ ಹಳದಿಯಾಗಿ ನರಗಳಷ್ಟೇ ಹಸಿರುಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ, ಈ ಭಾಗದ ಸುಣ್ಣದ ಮಣ್ಣಿನಲ್ಲಿ ದ್ರಾಕ್ಷಿ ಬಳ್ಳಿಗೂ ಬರುವಂಥದ್ದು. ಆದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಕ್ಷಾರತೆ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕಿರುತ್ತದೆ. ಅಲ್ಲಿಗೆ ಯೂರಿಯಾದಿಂದ ಉಪಯೋಗವಿಲ್ಲ. ಮಣ್ಣು ಬದಲಿಸಬೇಕು, ಇಲ್ಲವೇ ಚೀಲೇಟೆಡ್ ಕಬ್ಬಿಣವನ್ನು ಅಳತೆಯಲ್ಲಿ ಕೊಡಬೇಕು. ಕ್ಯಾಲ್ಸಿಯಂ ಸಿಗಲಿ ಎಂದು ಮೊಟ್ಟೆ ಸಿಪ್ಪೆ ಹಾಕುವುದು ಸುಣ್ಣ ತುಂಬಿದ ಮಣ್ಣಿಗೆ ಮತ್ತೆ ಸುಣ್ಣ ಕೊಟ್ಟಂತೆ. ಚಹಾಪುಡಿಯ ಚರಟ, ಬಾಳೆಸಿಪ್ಪೆಯ ನೀರು ಒದ್ದೆ ಮಣ್ಣಿನಲ್ಲಿ ಕೊಳೆತು ಸಣ್ಣ ಕರಿನೊಣಗಳಿಗೆ ಮನೆಮಾಡಿಕೊಡುತ್ತವೆ. ಅಡುಗೆಮನೆಯ ಕಸಕ್ಕೆ ಕಾಂಪೋಸ್ಟ್ ಗುಂಡಿಯೇ ಸರಿಯಾದ ಜಾಗ.

ಕೀಟಗಳಿಗಾದರೂ ಔಷಧ ಬೇಡವೇ ಎಂದರೆ, ಕೀಟ ನಿಜ, ಔಷಧದ ಆಯ್ಕೆ ತಪ್ಪು. ಎಲೆಬುಡದಲ್ಲಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ, ಏಪ್ರಿಲ್-ಮೇ ತಿಂಗಳ ಒಣಹವೆಯಲ್ಲಿ ಎಲೆಯಡಿ ಬಲೆ ನೇಯುವ ನುಸಿ ದ್ರಾಕ್ಷಿ ಬೆಳೆಗಾರರಿಗೂ ಪರಿಚಿತವೇ. ಎಕರೆಗಟ್ಟಲೆ ತೋಟದಲ್ಲಿ ಎಲೆಎಲೆಯನ್ನೂ ಒರೆಸಲಾಗದು, ಅದಕ್ಕೆ ಅಲ್ಲಿ ಪಂಪು. ಮನೆಯಲ್ಲಿರುವುದು ನಾಲ್ಕು ಕುಂಡ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಿಗಣೆ ಒರೆಸಬಹುದು, ಎಲೆಯಡಿಗೆ ನೀರು ಚಿಮುಕಿಸಿ ನುಸಿ ತೊಳೆಯಬಹುದು, ವಾರ ಬಿಟ್ಟು ಮತ್ತೆ ಮಾಡಿದರೆ ಬಹಳಷ್ಟು ಹತೋಟಿಗೆ ಬರುತ್ತದೆ. ಹೊಲಕ್ಕೆಂದು ತಯಾರಾದ ಕೀಟನಾಶಕವನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇಷ್ಟೆಲ್ಲ ನೋಡುವ ವ್ಯವಧಾನ ಯಾರಿಗಿದೆ, ವಾರಕ್ಕೊಮ್ಮೆ ನೀರು ಎಂಬ ಸುಲಭ ನಿಯಮ ಸಾಲದೇ ಎಂಬುದು ಕೊನೆಯ ಆಕ್ಷೇಪ. ಸಾಲದು. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು, ಜೀಜೀ ಪೂರ್ವ ಆಫ್ರಿಕದ್ದು; ಎರಡೂ ನೀರನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಅರೆಕಾ ಮಡಗಾಸ್ಕರಿನ ತೇವದ ನೆಲದ್ದು. ಇವಕ್ಕೆಲ್ಲ ಒಂದೇ ಪಾಳಿ ಹಚ್ಚುವುದು ಹೇಗೆ? ಮೇ ತಿಂಗಳ ಝಳದಲ್ಲಿ ಎರಡು ದಿನಕ್ಕೆ ಆರುವ ಮಣ್ಣು ಆಷಾಢದ ಮೋಡದಲ್ಲಿ ಹತ್ತು ದಿನವಾದರೂ ಆರದೆ ಇರಬಹುದು. ಕ್ಯಾಲೆಂಡರು ಇದನ್ನು ಹೇಳುವುದಿಲ್ಲ, ಬೆರಳು ಹೇಳುತ್ತದೆ. ಎರಡು ಇಂಚು ಆಳಕ್ಕೆ ಬೆರಳಿಟ್ಟು ತೇವ ತಾಗಿದರೆ ನೀರು ಬೇಡ. ಕುಂಡ ಎತ್ತಿದಾಗ ಭಾರವೆನಿಸಿದರೂ ಬೇಡ. ಈ ಪರೀಕ್ಷೆಗೆ ಹಿಡಿಯುವ ಹೊತ್ತು ನೀರು ತರಲು ಹಿಡಿಯುವುದಕ್ಕಿಂತ ಕಡಿಮೆ.

ಆದ್ದರಿಂದ ಈ ಮನೆವೈದ್ಯದ ಬಗ್ಗೆ ತೀರ್ಪು ಇಷ್ಟೇ: ಅದರ ಕಳಕಳಿ ದೊಡ್ಡದು, ಪರೀಕ್ಷೆ ಮಾತ್ರ ಎಲೆಯ ಮೇಲೇ ನಿಂತುಬಿಟ್ಟಿದೆ. ಗಿಡ ಸೊರಗಿದಾಗ ಮೊದಲು ಬೆಳಕು, ಆಮೇಲೆ ಬೇರು, ಆಮೇಲೆ ಮಣ್ಣು, ಎಲ್ಲ ನೋಡಿಯಾದ ಮೇಲೆ ಗೊಬ್ಬರ ಮತ್ತು ಔಷಧ. ಜವಳು ಹೊಲಕ್ಕೆ ಇನ್ನಷ್ಟು ನೀರು ಹಾಯಿಸುವವನನ್ನು ಈ ಸೀಮೆಯಲ್ಲಿ ಯಾರೂ ಜಾಣ ಒಕ್ಕಲಿಗ ಎನ್ನುವುದಿಲ್ಲ. ಮನೆಯ ಕುಂಡಕ್ಕೂ ಅದೇ ಅಳತೆಗೋಲು ಹಚ್ಚಿ.