ಮೊದಲು ಬ್ರೇಕ್, ಆಮೇಲೆ ಬೆಡಗು

ಹೊಸ ಎಲೆಕ್ಟ್ರಿಕ್ ಮೌಂಟನ್ ಬೈಕ್ ಕೊಂಡವರು ಹೊಗಳುವುದು ಮೋಟಾರನ್ನು. ನನ್ನ ಮೆಚ್ಚುಗೆ ಮಾತ್ರ ಬ್ರೇಕಿನ ಡಿಸ್ಕಿಗೆ. ಮಾಮೂಲಿ ಮೌಂಟನ್ ಬೈಕ್ 14–15 ಕೆ.ಜಿ. ತೂಗಿದರೆ, ಇಂಥವು ಹೆಚ್ಚಾಗಿ 22–25 ಕೆ.ಜಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಆ ಭಾರದ ವೇಗವೆಲ್ಲ ಬಿಸಿಯಾಗಿ ಡಿಸ್ಕಿಗೆ ಇಳಿಯುತ್ತದೆ.

ಕಂಪನಿಯಿಂದ ಬಂದ 180 ಮಿ.ಮೀ. ಡಿಸ್ಕ್ ತೆಗೆದು 203 ಮಿ.ಮೀ.ನದು ಕೂರಿಸಿ ನೋಡಿ. ಬೆರಳಿನ ಒತ್ತಡ ಅಷ್ಟೇ ಇದ್ದರೂ ಹಿಡಿತ ಸುಮಾರು ಎಂಟನೇ ಒಂದು ಪಾಲು ಹೆಚ್ಚುತ್ತದೆ. ಬಿಸಿ ಆರಲು ಜಾಗವೂ ಸಿಗುತ್ತದೆ. ಬೇಕಾದದ್ದು ಡಿಸ್ಕ್, ಅಡಾಪ್ಟರ್, ಕೆಲವು ಬೋಲ್ಟು. ಫೋರ್ಕ್ ಆ ಅಳತೆಯನ್ನು ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಅಷ್ಟೆ.

ಅಗ್ಗದ ಕೆಲವು ಡಿಸ್ಕುಗಳ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಕೆತ್ತಿರುತ್ತದೆ. ಅವನ್ನು ಬದಲಿಸಿದರೆ ಮೆಟಲ್ ಪ್ಯಾಡಿಗೂ ದಾರಿಯಾಯಿತು. ಅದು ಕೊಂಚ ಕಿರುಚುತ್ತದೆ, ನಿಜ. ಆದರೆ ಮಳೆ, ಕೆಸರು, ಉದ್ದದ ಇಳಿಜಾರಿಗೆಲ್ಲ ಜಗ್ಗುವುದಿಲ್ಲ. ಹೊಸ ಪ್ಯಾಡ್ ಪಳಗಲು ಸಮತಟ್ಟು ರಸ್ತೆಯಲ್ಲಿ ಮತ್ತೆ ಮತ್ತೆ ವೇಗ ಏರಿಸಿ ಇಳಿಸಬೇಕು.

ಕಾರ್ಬನ್ ಹ್ಯಾಂಡಲ್, ಬಣ್ಣದ ಪೆಡಲ್‌ಗಳಿಗೆ ಆಮೇಲೆ ದುಡ್ಡು ಸುರಿಯಬಹುದು. ನಿಲ್ಲುವ ಭರವಸೆ ಇದ್ದವನೇ ವೇಗವನ್ನು ನಿಶ್ಚಿಂತೆಯಿಂದ ಸವಿಯಬಲ್ಲ.