ಗ್ರೀಕ್ ತರ್ಕದ ಪೀಠಿಕೆಗಳು: ಒಂದು ವಿಮರ್ಶೆ

ಗ್ರೀಕ್ ತತ್ತ್ವಶಾಸ್ತ್ರವನ್ನೂ ತರ್ಕದ ಪ್ರಾಥಮಿಕ ನಿಯಮಗಳನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸುವ ಪೀಠಿಕೆಗಳಲ್ಲಿ ಒಂದು ಕ್ರಮ ರೂಢಿಯಾಗಿದೆ. ನೀರೇ ಸಕಲಕ್ಕೂ ಮೂಲವೆಂದ ಥೇಲೀಸನಿಂದ ಆರಂಭಿಸಿ, ಕ್ರಿ.ಪೂ. 399ರಲ್ಲಿ ವಿಷಪಾನದಿಂದ ಮಡಿದ ಸಾಕ್ರಟೀಸನನ್ನೂ ಅವನ ಶಿಷ್ಯ ಪ್ಲೇಟೋವನ್ನೂ ಹಾದು, ಅರಿಸ್ಟಾಟಲನಲ್ಲಿ (ಕ್ರಿ.ಪೂ. 384–322) ನಿಲ್ಲುವುದು, ಅಲ್ಲಿ 'ಮನುಷ್ಯರೆಲ್ಲರೂ ಮರ್ತ್ಯರು, ಸಾಕ್ರಟೀಸನು ಮನುಷ್ಯ, ಆದ್ದರಿಂದ ಅವನು ಮರ್ತ್ಯ' ಎಂಬ ನಿದರ್ಶನವನ್ನು ಕೊಟ್ಟು ಮುಗಿಸುವುದು. ಯಾರೂ ಸಂಶಯಿಸದ ನಿಗಮನವನ್ನು ಸಾಧಿಸಿ ತೋರಿಸುವ ಈ ನಿದರ್ಶನದಿಂದ ತರ್ಕದ ಅಗತ್ಯವೇನೆಂಬುದು ವಿದ್ಯಾರ್ಥಿಗೆ ಮನದಟ್ಟಾಗುವುದಿಲ್ಲ. ಇತಿಹಾಸವನ್ನು ಬೋಧಿಸುವವರಿಗೆ ಈ ಕೊರತೆ ಅಲ್ಪವಾದುದಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಿಂದಲೇ ನಿದರ್ಶನಗಳನ್ನು ಆರಿಸೋಣ. 'ಊರಿನ ಹೆಸರೆಲ್ಲವೂ ಅದರ ಮೂಲವನ್ನು ತಿಳಿಸುತ್ತದೆ. ಕನಕಪುರವೆಂಬುದು ಊರಿನ ಹೆಸರು. ಆದ್ದರಿಂದ ಅದು ಊರಿನ ಮೂಲವನ್ನು ತಿಳಿಸುತ್ತದೆ.' ಇಲ್ಲಿ ವಾದದ ಆಕಾರ ನಿರ್ದುಷ್ಟವಾದುದು. ಆದರೆ ಕನಕಪುರವು ಹಿಂದೆ ಕಾನಕಾನಹಳ್ಳಿಯೆನಿಸಿತ್ತು. ರಾಮನಗರವು ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸನ ಹೆಸರಿನ ಕ್ಲೋಸ್‌ಪೇಟೆಯಾಗಿತ್ತು. ಆ ಹೆಸರು ಇಂದಿಗೂ ಭೂವಿಜ್ಞಾನಿಗಳ 'ಕ್ಲೋಸ್‌ಪೇಟ್ ಗ್ರಾನೈಟ್' ಎಂಬ ಮಾತಿನಲ್ಲಿ ಉಳಿದಿದೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳಿಂದ ರಚಿತವಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರುಗಳು ಹೀಗೆ ಬದಲಾಗುವುದರಿಂದ ಮೊದಲನೆಯ ಆಧಾರವಾಕ್ಯವೇ ನಿಲ್ಲಲಾರದು. ಆಕಾರದ ಶುದ್ಧಿ ಬೇರೆ, ಆಧಾರದ ಸತ್ಯ ಬೇರೆ ಎಂಬ ಭೇದ ಇಲ್ಲಿ ತಾನಾಗಿಯೇ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಚನ್ನಪಟ್ಟಣದ ಬೊಂಬೆಯ ಕಲೆಯು ಟಿಪ್ಪುವಿನ ಕಾಲದಲ್ಲಿ ಪರ್ಷಿಯದ ಕುಶಲಿಗಳಿಂದ ಬಂದಿತೆಂಬ ಮಾತು ಪ್ರಚಾರದಲ್ಲಿದೆ. 'ಅವರು ಬಂದಿದ್ದರೆ ಅರಗಿನ ಬಣ್ಣದ ಕೆಲಸ ಇಲ್ಲಿ ಬೆಳೆಯುತ್ತಿತ್ತು; ಅದು ಬೆಳೆದಿದೆ; ಆದ್ದರಿಂದ ಅವರು ಬಂದಿದ್ದರು' ಎಂದು ವಾದಿಸಿದರೆ, ನಿಗಮನ ನಿಜವೇ ಆಗಿರಬಹುದು; ವಾದ ಮಾತ್ರ ನಿಲ್ಲದು, ಏಕೆಂದರೆ ಅದೇ ಕಾರ್ಯಕ್ಕೆ ಬೇರೊಂದು ಕಾರಣವೂ ಇರಬಹುದು. ನೆಲ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ ಎಂದು ಊಹಿಸುವುದನ್ನು ಅರಿಸ್ಟಾಟಲನೇ ಹೇತ್ವಾಭಾಸಗಳಲ್ಲಿ ಎಣಿಸಿದ್ದಾನೆ. ಬೊಂಬೆಯ ಇತಿಹಾಸವನ್ನು ನಿರ್ಣಯಿಸತಕ್ಕದ್ದು ಸಮಕಾಲೀನ ದಾಖಲೆಗಳೇ ಹೊರತು ಬೊಂಬೆಯ ಹೊಳಪಲ್ಲ.

ಅರಿಸ್ಟಾಟಲನ ಮೂರು ವಾಕ್ಯಗಳೂ ನ್ಯಾಯದರ್ಶನದ ಪಂಚಾವಯವಗಳೂ ಒಂದೇ ಎಂದು ಕೆಲವರು ಅವಸರದಿಂದ ಹೇಳುವುದುಂಟು. ಹೋಲಿಕೆಯಿರುವುದು ನಿಜ. ಆದರೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳಲ್ಲಿ ಮೂರನೆಯದು ವ್ಯಾಪ್ತಿಯನ್ನು ಕಂಡ ದೃಷ್ಟಾಂತದೊಡನೆ ಮುಂದಿಡುತ್ತದೆ: ಹೊಗೆಯಿದ್ದಲ್ಲಿ ಬೆಂಕಿಯಿದೆ, ಅಡುಗೆಯ ಮನೆಯಲ್ಲಿರುವಂತೆ. ಅರಿಸ್ಟಾಟಲನು ಪದಗಳ ಸ್ಥಾನದಲ್ಲಿ ಅಕ್ಷರಗಳನ್ನಿಟ್ಟು ಆಕಾರವನ್ನೇ ಪ್ರತ್ಯೇಕಿಸಿದನು. ನೈಯಾಯಿಕರು ಹೇತು ನೈಜವೇ ಎಂಬುದನ್ನೂ ವಿಚಾರಿಸಿದರು. ಮಾಗಡಿಯ ಸಾವನದುರ್ಗದ ಮೇಲಿನ ಮುಂಜಾನೆಯ ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸುವವನಿಗೆ ಆಕಾರದ ಶುದ್ಧಿಯಿಂದ ಪ್ರಯೋಜನವಿಲ್ಲ.

ಗ್ರೀಕರಲ್ಲಿ ಆಧಾರವನ್ನೇ ಪ್ರಶ್ನಿಸುವ ಈ ಕೆಲಸವನ್ನು ಬಾಳಿನುದ್ದಕ್ಕೂ ನಡೆಸಿದವನು ಸಾಕ್ರಟೀಸ್. ಎ. ಎನ್. ಮೂರ್ತಿರಾಯರ 'ಸಾಕ್ರಟೀಸನ ಕೊನೆಯ ದಿನಗಳು' ಕನ್ನಡದಲ್ಲಿರುವಾಗ, ಅವನನ್ನು ಮರ್ತ್ಯತ್ವದ ನಿದರ್ಶನವಾಗಿ ಮಾತ್ರ ಪರಿಚಯಿಸುವುದು ವಿಷಾದಕರ. ಪೀಠಿಕೆಯು ಸಂವಾದದಿಂದ ತೊಡಗಲಿ. ಆಕಾರದ ನಿಯಮಗಳು ಅನಂತರ ಬರಲಿ. ಅಭ್ಯಾಸಕ್ಕೆ ವಿದ್ಯಾರ್ಥಿಯ ಸ್ವಂತ ಊರಿನ ಕಥೆಗಳಿರಲಿ. ಕಥೆಯನ್ನು ತಿರಸ್ಕರಿಸುವುದು ತರ್ಕದ ಕೆಲಸವಲ್ಲ. ಕಥೆಯಲ್ಲಿ ಯಾವುದು ಸಾಧಿತವಾಗಿದೆ, ಯಾವುದು ಇನ್ನೂ ಸಾಧಿತವಾಗಬೇಕು ಎಂದು ವಿಂಗಡಿಸುವುದೇ ಅದರ ಕೆಲಸ. ಇಷ್ಟನ್ನು ಕಲಿತ ವಿದ್ಯಾರ್ಥಿ ಶಾಸನವನ್ನೂ ಐತಿಹ್ಯವನ್ನೂ ಅವುಗಳಿಗೆ ತಕ್ಕ ಮರ್ಯಾದೆಯಿಂದ ಓದಬಲ್ಲನು.